ಪಕ್ಕದ ಬೀದಿಯ ಎದುರಾಳಿ: ಶಾಲಾ ಫುಟ್‌ಬಾಲ್ ಲೀಗಿಗೆ ಗುಂಪು ಕಟ್ಟುವ 11 ಸೂತ್ರಗಳು

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಕಲ್ಯಾಣ ನಗರದ ಹೊರವರ್ತುಲ ರಸ್ತೆಯ ಪಕ್ಕ ನಿಂತು ನೋಡಿ. ಒಂದು ಶಾಲೆಯ ಬಸ್ಸು ಫುಟ್‌ಬಾಲ್ ತಂಡವನ್ನು ಹತ್ತಿಸಿಕೊಂಡು ಹೆಬ್ಬಾಳದ ಕಡೆ ಹೊರಟಿರುತ್ತದೆ. ಇನ್ನೊಂದು ಶಾಲೆಯ ವ್ಯಾನು ಅದೇ ವಯಸ್ಸಿನ ಮಕ್ಕಳನ್ನು ತುಂಬಿಕೊಂಡು ಟಿನ್ ಫ್ಯಾಕ್ಟರಿಯ ಕಡೆ ತಿರುಗಿರುತ್ತದೆ. ಎರಡೂ ಶಾಲೆಗಳ ನಡುವೆ ನಡೆದು ಹೋದರೆ ಹತ್ತು ನಿಮಿಷದ ದಾರಿ. ಆದರೂ ಈ ಮಕ್ಕಳು ಒಬ್ಬರ ಎದುರು ಒಬ್ಬರು ಒಂದು ಪಂದ್ಯವನ್ನೂ ಆಡದೆ ಹತ್ತನೇ ತರಗತಿ ಮುಗಿಸುತ್ತಾರೆ.

ಇದು ಫುಟ್‌ಬಾಲ್ ಗೊತ್ತಿಲ್ಲದ ಊರಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದು, ಮರುವರ್ಷ ಮತ್ತೆ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಬೆಂಗಳೂರಿನಲ್ಲಿ ಹುಟ್ಟಿದವರು. ಹಲಸೂರಿನ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ನಿಂತಿದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತು.

ಹಾಗಾದರೆ ನಮ್ಮ ಮಕ್ಕಳಿಗೆ ಕೊರತೆಯಾಗಿರುವುದು ಏನು? ಕಾಲ್ಚಳಕವಲ್ಲ, ಪಂದ್ಯಗಳು. ಪಂದ್ಯಗಳು ಕಡಿಮೆಯಾಗಲು ಮೈದಾನದ ಅಭಾವದಷ್ಟೇ ದೊಡ್ಡ ಕಾರಣ ಶಾಲೆಗಳನ್ನು ಗುಂಪು ಮಾಡುವ ರೀತಿ. ಎಚ್‌ಆರ್‌ಬಿಆರ್ ಬಡಾವಣೆಯಲ್ಲಿ ಮಕ್ಕಳ ಪಂದ್ಯಗಳಿಗೆ ಫಿಕ್ಸ್ಚರ್ ಬರೆಯುತ್ತ ಬಂದವನಾಗಿ ನಾನು ಕಲಿತದ್ದನ್ನು ಇಲ್ಲಿ ಹನ್ನೊಂದು ಸೂತ್ರಗಳಾಗಿ ಇಟ್ಟಿದ್ದೇನೆ. ಪಿ.ಟಿ. ಮೇಷ್ಟ್ರಿಗೆ, ಮುಖ್ಯೋಪಾಧ್ಯಾಯರಿಗೆ, ಬಡಾವಣೆಯ ಸಂಘಗಳಿಗೆ, ಶನಿವಾರದ ನಿದ್ದೆ ಬಿಟ್ಟು ಮಕ್ಕಳನ್ನು ಮೈದಾನಕ್ಕೆ ಕರೆತರುವ ಅಪ್ಪ ಅಮ್ಮಂದಿರಿಗೆ ಇವು ಸಲ್ಲುತ್ತವೆ.

1. ಲೀಗ್ ಯಾರಿಗಾಗಿ ಎಂದು ಮೊದಲೇ ಬರೆದಿಡಿ

ಶಿಕ್ಷಣ ಇಲಾಖೆಯ ಕ್ರೀಡಾಕೂಟಕ್ಕೆ ಒಂದು ಸ್ಪಷ್ಟ ಗುರಿ ಇದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತಿಸಿ ಕೊನೆಗೆ ರಾಜ್ಯದ ತಂಡವನ್ನು ಆರಿಸುವುದು. ಆಯ್ಕೆಗೆ ಆ ದಾರಿ ಸರಿ. ಆದರೆ ಅಲ್ಲಿ ಆಡುವುದು ಸಾಮಾನ್ಯವಾಗಿ ನಾಕೌಟ್. ಮೊದಲ ಸುತ್ತಿನಲ್ಲೇ ಸೋತ ತಂಡದ ಮಕ್ಕಳಿಗೆ ಇಡೀ ವರ್ಷದ ಫುಟ್‌ಬಾಲ್ ಒಂದೇ ಬೆಳಿಗ್ಗೆ ಮುಗಿದುಹೋಗುತ್ತದೆ.

ನೀವು ಕಟ್ಟುವ ಲೀಗ್ ಅದರ ನಕಲಾಗಬೇಕಿಲ್ಲ. ಸಮಿತಿಯ ಮೊದಲ ಸಭೆಯಲ್ಲೇ ಒಂದು ವಾಕ್ಯ ಬರೆದು ಎಲ್ಲರ ಸಹಿ ಹಾಕಿಸಿ: ‘ನಮ್ಮ ಲೀಗಿನಲ್ಲಿ ಪ್ರತಿ ತಂಡಕ್ಕೂ ಕನಿಷ್ಠ ಐದು ಪಂದ್ಯ ಸಿಗಬೇಕು.’ ಮುಂದೆ ಗುಂಪಿನ ಗಾತ್ರ, ಮೈದಾನ, ದಿನಾಂಕ ಯಾವುದರಲ್ಲೇ ಜಗಳ ಬಂದರೂ ಈ ಹಾಳೆಯನ್ನು ಮೇಜಿನ ಮೇಲಿಡಿ. ಐದು ಪಂದ್ಯದ ಮಾತಿಗೆ ಒಪ್ಪದ ಸಲಹೆ, ಎಷ್ಟೇ ದೊಡ್ಡವರು ಕೊಟ್ಟದ್ದಾದರೂ, ಬಿದ್ದುಹೋಗಲಿ.

2. ಕಿಲೋಮೀಟರ್ ಬಿಡಿ, ನಿಮಿಷ ಎಣಿಸಿ

ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗುಂಪು ಮಾಡುವವರು ಬೆಂಗಳೂರನ್ನು ಮರೆತವರು. ಕಲ್ಯಾಣ ನಗರದಿಂದ ಕಮ್ಮನಹಳ್ಳಿಗೂ ಕೆ.ಆರ್. ಪುರಕ್ಕೂ ಇರುವ ವ್ಯತ್ಯಾಸ ಬರೀ ದೂರದ್ದಲ್ಲ. ನಡುವೆ ಟಿನ್ ಫ್ಯಾಕ್ಟರಿ ಇದೆ, ತೂಗು ಸೇತುವೆಯ ಮುಂದಿನ ಸಾಲು ಇದೆ, ಮೆಟ್ರೊ ಕಾಮಗಾರಿ ಇದೆ. 500ಡಿ ಬಸ್ಸಿನಲ್ಲಿ ನಿಂತು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಕಾಲೇಜುಗಳು ಈ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿಯುತ್ತಿವೆ. ಅಲ್ಲಿಯ ಫುಟ್‌ಬಾಲ್ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ. ಕಾಲೇಜುಗಳು ‘ಕಾನ್ಫರೆನ್ಸ್’ ಎಂಬ ಕೂಟಗಳಲ್ಲಿ ಆಡುತ್ತವೆ. ಟಿ.ವಿ. ಹಣದ ಬೆನ್ನು ಹತ್ತಿ ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳು 2024ರಲ್ಲಿ ‘ಬಿಗ್ ಟೆನ್’ ಕೂಟ ಸೇರಿದವು. ಹತ್ತು ಎಂಬ ಹೆಸರಿನ ಆ ಕೂಟದಲ್ಲಿ ಈಗ 18 ಸದಸ್ಯರು. ಅದರಲ್ಲೊಬ್ಬರಾದ ರಟ್ಗರ್ಸ್ ಇರುವುದು ಪೂರ್ವದ ನ್ಯೂಜೆರ್ಸಿಯಲ್ಲಿ, ಸುಮಾರು 4,000 ಕಿ.ಮೀ. ದೂರದಲ್ಲಿ. ಫುಟ್‌ಬಾಲ್ ತಂಡಕ್ಕೆ ಹಣ ಬಂತು. ಅದೇ ಕಾಲೇಜಿನ ವಾಲಿಬಾಲ್ ಹುಡುಗಿಯರಿಗೆ ಬಂದದ್ದು ವಿಮಾನದ ದಣಿವು ಮತ್ತು ತಪ್ಪಿದ ತರಗತಿಗಳು.

ಮಾಡಬೇಕಾದದ್ದು ಇಷ್ಟು: ಒಂದು ಶನಿವಾರ, ಪಂದ್ಯ ಶುರುವಾಗುವ ಹೊತ್ತಿಗೇ, ಶಾಲೆಯಿಂದ ಶಾಲೆಗೆ ನಿಜವಾಗಿ ಹೋಗಿ ಸಮಯ ಬರೆದುಕೊಳ್ಳಿ. 30 ನಿಮಿಷ ದಾಟುವ ಜೋಡಿಯನ್ನು ಮೊದಲ ಹಂತದಲ್ಲಿ ಒಂದೇ ಗುಂಪಿಗೆ ಹಾಕಬೇಡಿ.

3. ಬೋರ್ಡಿನ ಗೋಡೆ ದಾಟಿ

ಮೊದಲು ಹೇಳಿದ ಬಸ್ಸು, ವ್ಯಾನಿನ ಕಥೆಗೆ ಕಾರಣ ಇಲ್ಲಿದೆ. ಸಿಬಿಎಸ್‌ಇ ತನ್ನ ಶಾಲೆಗಳಿಗೆ ಬೇರೆಯೇ ಕ್ಲಸ್ಟರ್ ಪಂದ್ಯಾವಳಿ ನಡೆಸುತ್ತದೆ. ಐಸಿಎಸ್‌ಇ ಶಾಲೆಗಳಿಗೆ ಅವುಗಳ ಮಂಡಳಿಯದೇ ಕ್ರೀಡಾಕೂಟ. ರಾಜ್ಯ ಪಠ್ಯಕ್ರಮದ ಶಾಲೆಗಳು ಇಲಾಖೆಯ ಹೋಬಳಿ ಮಟ್ಟಕ್ಕೆ ಹೋಗುತ್ತವೆ. ಗಣಿತದ ಪುಸ್ತಕ ಬೇರೆಯಾದ ಮಾತ್ರಕ್ಕೆ ಚೆಂಡೂ ಬೇರೆಯಾಯಿತು!

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ಮೇಲೆ. ಬಾಣಸವಾಡಿ, ಲಿಂಗರಾಜಪುರ, ಹೆಣ್ಣೂರಿನ ಓಣಿಗಳಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಹುಡುಗರು ಹುಲ್ಲಿನ ಮೈದಾನ, ಒಳ್ಳೆ ತರಬೇತುದಾರ ಇರುವ ಶಾಲೆಯ ಗೇಟಿನ ಹೊರಗೇ ಉಳಿಯುತ್ತಾರೆ. ಒಳಗಿರುವ ಮಕ್ಕಳಿಗೂ ನಷ್ಟ ಕಡಿಮೆಯಲ್ಲ. ಇಕ್ಕಟ್ಟಿನಲ್ಲಿ ಚೆಂಡನ್ನು ಬಚ್ಚಿಟ್ಟುಕೊಳ್ಳುವ ಓಣಿಯ ಆಟವನ್ನು ಅವರು ಎದುರಿಸುವುದೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಇಲ್ಲಿ ದಿನವೂ ನಿಜ ಮಾಡುತ್ತಿದ್ದೇವೆ.

ಪ್ರತಿ ಗುಂಪಿನಲ್ಲೂ ಕನಿಷ್ಠ ಒಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಇರಲಿ. ಆ ಶಾಲೆಗೆ ಪ್ರವೇಶ ಶುಲ್ಕ ಬೇಡ. ಬೂಟು, ಶಿನ್‌ಗಾರ್ಡ್ ಇಲ್ಲದಿದ್ದರೆ ಲೀಗೇ ಒದಗಿಸಲಿ. ಇದನ್ನು ದಾನವೆಂದು ಯಾರೂ ಭಾವಿಸಬೇಕಿಲ್ಲ, ಅದು ಲೀಗಿನ ಖರ್ಚಿನ ಭಾಗ.

4. ಕಚೇರಿಯ ಗಡಿ ಬೇರೆ, ಆಟದ ಗಡಿ ಬೇರೆ

1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಯಿತು. ನಮ್ಮ ಸುತ್ತಿನ ಪದವಿ ಕಾಲೇಜುಗಳಲ್ಲಿ ಹಲವು ಕೋಲಾರದ ತಮಕದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. ನಗರದ ನಡುವಿನ ಕಾಲೇಜುಗಳು ಸೆಂಟ್ರಲ್ ಕಾಲೇಜಿನ ಆವರಣದ ಹೊಸ ವಿಶ್ವವಿದ್ಯಾಲಯದ ಪಾಲಾದವು. ಸಾವಿರಾರು ವಿದ್ಯಾರ್ಥಿಗಳ ಪರೀಕ್ಷೆ, ಫಲಿತಾಂಶಗಳ ಹೊರೆ ಹಂಚಿಕೊಳ್ಳಲು ಅದು ಬೇಕಿತ್ತು. ಆದರೆ ಅಂತರ ಕಾಲೇಜು ಪಂದ್ಯಗಳು ವಿಶ್ವವಿದ್ಯಾಲಯದ ಒಳಗೇ ನಡೆಯುವುದರಿಂದ ಆಟದ ನಂಟುಗಳೂ ಅದೇ ಗೆರೆಯಲ್ಲಿ ಕತ್ತರಿಸಿಹೋದವು.

2025ರಲ್ಲಿ ನಗರಕ್ಕೆ ಐದು ಪಾಲಿಕೆಗಳು ಬಂದವು. ಕೆ.ಆರ್. ಪುರ ಪೂರ್ವಕ್ಕೆ, ಶಿವಾಜಿನಗರ ಕೇಂದ್ರಕ್ಕೆ, ನಮ್ಮ ಕಲ್ಯಾಣ ನಗರ ಉತ್ತರಕ್ಕೆ ಸೇರಿವೆ. ಕಸದ ಗಾಡಿಗೆ, ಆಸ್ತಿ ತೆರಿಗೆಗೆ ಈ ಗೆರೆ ಬೇಕು. ಸಂಜೆ ಸೈಕಲ್ಲು ಹತ್ತಿ ಕಾಕ್ಸ್‌ಟೌನಿಗೆ ಆಡಲು ಹೋಗುವ ಹುಡುಗನಿಗೆ ಅದು ಕಾಣುವುದೇ ಇಲ್ಲ.

ಗುಂಪು ಮಾಡುವಾಗ ವಾರ್ಡು, ಪಾಲಿಕೆ, ಬ್ಲಾಕುಗಳ ಪಟ್ಟಿ ತೆಗೆಯಬೇಡಿ. ಮಕ್ಕಳನ್ನೇ ಕೇಳಿ: ‘ರಜೆಯ ದಿನ ಯಾವ ಮೈದಾನಕ್ಕೆ ಹೋಗುತ್ತೀರಿ, ಯಾರ ಜೊತೆ ಆಡುತ್ತೀರಿ?’ ಅವರ ಉತ್ತರಗಳನ್ನು ಹಾಳೆಯ ಮೇಲೆ ಗುರುತು ಮಾಡಿದರೆ ನಿಜವಾದ ಗುಂಪುಗಳು ತಾವಾಗಿ ಎದ್ದು ಕಾಣುತ್ತವೆ.

5. ಬಲಾಬಲ ನೋಡಿ, ಹಾವಿನ ನಡೆಯಲ್ಲಿ ಹಂಚಿ

ಒಂದು ವರ್ಷ ನಾನು ಸಹಾಯ ಮಾಡುತ್ತಿದ್ದ ಪುಟ್ಟ ಶಾಲೆಯ ತಂಡವನ್ನು, ವರ್ಷವಿಡೀ ಅಕಾಡೆಮಿ ತರಬೇತಿ ಪಡೆಯುವ ತಂಡಗಳೇ ತುಂಬಿದ್ದ ಗುಂಪಿಗೆ ಹಾಕಿದ್ದರು. ಮೊದಲ ಪಂದ್ಯ 11-0. ಮುಂದಿನ ಶನಿವಾರ ಹನ್ನೊಂದು ಜನ ಕೂಡಿಸಲು ಮನೆ ಮನೆಗೆ ಹೋಗಬೇಕಾಯಿತು. ಮೂರನೆಯ ಪಂದ್ಯಕ್ಕೆ ಗೋಲಿ ಬರಲೇ ಇಲ್ಲ. ಆ ಹುಡುಗ ಮತ್ತೆ ಗ್ಲೌಸ್ ಹಾಕಿದ್ದನ್ನು ನಾನು ನೋಡಿಲ್ಲ. ಆ ಪಟ್ಟಿ ಬಂದ ದಿನವೇ ನಾನು ಆಕ್ಷೇಪ ಎತ್ತಬೇಕಿತ್ತು ಎಂಬ ನೋವು ಇವತ್ತಿಗೂ ಇದೆ.

ರಣಜಿ ಟ್ರೋಫಿಯಲ್ಲೂ ಇಂಥ ಕಷ್ಟವಿತ್ತು. ದಕ್ಷಿಣ ವಲಯದಲ್ಲಿ ಮದರಾಸು, ಮೈಸೂರು, ಹೈದರಾಬಾದ್ ಮೂರೂ ಗಟ್ಟಿ ತಂಡಗಳು. ಮುಂದೆ ಹೋಗಲು ಅವಕಾಶವಿದ್ದದ್ದು ವಲಯಕ್ಕೆ ಒಂದೇ ತಂಡಕ್ಕೆ. 1970-71ರಿಂದ ವಲಯಕ್ಕೆ ಎರಡು ತಂಡ ಎಂದಾಯಿತು. 1973-74ರಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ, ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮಣಿಸಿ ಮೊದಲ ಬಾರಿಗೆ ಕಪ್ ಗೆದ್ದಿತು.

ನಿಮ್ಮ ಲೀಗಿಗೆ ಸುಲಭದ ಲೆಕ್ಕ ಇದು. 16 ಶಾಲೆ ಇದ್ದರೆ ಮೊದಲು ಪ್ರಯಾಣದ ಸಮಯ ನೋಡಿ ಎಂಟೆಂಟರ ಎರಡು ಪ್ರದೇಶ ಮಾಡಿ. ಪ್ರತಿ ಪ್ರದೇಶದ ಎಂಟು ತಂಡಗಳಿಗೆ ಕಳೆದ ವರ್ಷದ ಆಟದ ಮೇಲೆ 1ರಿಂದ 8ರವರೆಗೆ ಸ್ಥಾನ ಕೊಡಿ. ಆಮೇಲೆ ಹಾವು ಹರಿದಂತೆ ಹೋಗಿ ಬಂದು ಹಂಚಿ: 1, 4, 5, 8 ಒಂದು ಗುಂಪು, 2, 3, 6, 7 ಇನ್ನೊಂದು. ಒಂದೊಂದು ಗುಂಪಿನ ಸ್ಥಾನಗಳನ್ನು ಕೂಡಿ ನೋಡಿ, ಎರಡರಲ್ಲೂ 18 ಬರುತ್ತದೆ. ದೂರವೂ ಕಡಿಮೆ, ತೂಕವೂ ಸಮ.

6. ಗುಂಪು ಚಿಕ್ಕದಿರಲಿ, ಹಂತ ಎರಡಿರಲಿ

16 ತಂಡಗಳು ಎಲ್ಲರೆದುರು ಎಲ್ಲರೂ ಆಡಿದರೆ 120 ಪಂದ್ಯ. ಎಂಟರ ಎರಡು ಗುಂಪಾದರೆ 56. ನಾಲ್ಕರ ನಾಲ್ಕು ಗುಂಪಾದರೆ 24. ಶಾಲೆಯ ಶನಿವಾರಗಳಿಗೆ ಹಿಡಿಸುವುದು ಕೊನೆಯದು ಮಾತ್ರ. ಆದರೆ ನಾಲ್ಕರ ಗುಂಪಿನಲ್ಲಿ ಒಂದು ತಂಡಕ್ಕೆ ಸಿಗುವುದು ಮೂರೇ ಪಂದ್ಯ. ಐದು ಪಂದ್ಯದ ನಮ್ಮ ಮಾತು ಉಳಿಯುವುದು ಹೇಗೆ?

ಎರಡನೇ ಹಂತ ಸೇರಿಸಿ. ಒಂದೇ ಪ್ರದೇಶದ ಎರಡು ಗುಂಪುಗಳಿಂದ ಮೊದಲ ಎರಡು ಸ್ಥಾನದವರನ್ನು ಕೂಡಿಸಿ ಮೇಲಿನ ಗುಂಪು ಮಾಡಿ, ಉಳಿದ ನಾಲ್ವರದು ಕೆಳಗಿನ ಗುಂಪು. ಮೊದಲ ಹಂತದಲ್ಲಿ ಈಗಾಗಲೇ ಎದುರಾದವರ ಫಲಿತಾಂಶವನ್ನು ಹಾಗೇ ಮುಂದಕ್ಕೆ ಒಯ್ಯಿರಿ. ಹೊಸದಾಗಿ ಪ್ರತಿ ತಂಡಕ್ಕೆ ಎರಡೇ ಪಂದ್ಯ. ಒಟ್ಟು 24 ಮತ್ತು 16, ಅಂದರೆ 40 ಪಂದ್ಯ. ಎಲ್ಲರಿಗೂ ಐದೈದು! ಕೆಳಗಿನ ಗುಂಪಿನಲ್ಲಿ ಸಮಬಲದವರೇ ಇರುವುದರಿಂದ ಮೊದಲ ಹಂತದಲ್ಲಿ ಗೋಲು ಹೊಡೆಯದ ತಂಡವೂ ಅಲ್ಲಿ ಗೆಲುವಿನ ರುಚಿ ನೋಡುತ್ತದೆ. ಎರಡೂ ಪ್ರದೇಶಗಳ ಮೊದಲ ಇಬ್ಬರು ಅಡ್ಡಡ್ಡವಾಗಿ ಸೆಮಿಫೈನಲ್ ಆಡಲಿ, ಆಮೇಲೆ ಫೈನಲ್.

ಮೂರರ ಗುಂಪು ಮಾತ್ರ ಬೇಡ. ಕೊನೆಯ ಪಂದ್ಯದಲ್ಲಿ ಒಂದು ತಂಡ ಹೊರಗೆ ಕೂತು ಉಳಿದಿಬ್ಬರ ಕೈಯಲ್ಲಿ ತನ್ನ ಹಣೆಬರಹ ನೋಡಬೇಕಾಗುತ್ತದೆ. 48 ತಂಡಗಳ 2026ರ ವಿಶ್ವಕಪ್‌ಗೆ ಫಿಫಾ ಮೊದಲು ಯೋಚಿಸಿದ್ದು ಮೂರರ 16 ಗುಂಪುಗಳನ್ನೇ. 2023ರಲ್ಲಿ ಅದನ್ನು ಕೈಬಿಟ್ಟು ನಾಲ್ಕರ 12 ಗುಂಪುಗಳಿಗೆ ಬಂತು.

7. ಹಳೆಯ ಜೋಡಿಯನ್ನು ಅಗಲಿಸಬೇಡಿ, ಯಾರನ್ನೂ ಒಂಟಿ ಮಾಡಬೇಡಿ

ಪ್ರತಿ ಬಡಾವಣೆಯಲ್ಲೂ ಮಕ್ಕಳು ಕಾಯುವ ಒಂದು ಪಂದ್ಯ ಇರುತ್ತದೆ. ಅಣ್ಣ ಆಡಿದ್ದ, ಈಗ ತಮ್ಮ ಆಡುತ್ತಾನೆ. ಯಾವ ಜಾಹೀರಾತೂ ಇಲ್ಲದೆ ಗೋಡೆ ತುಂಬ ಜನ ಕೂರುತ್ತಾರೆ. ಲೀಗಿನ ನಿಜವಾದ ಆಸ್ತಿ ಅದು. ಹಂಚಿಕೆಯಲ್ಲಿ ಅಂಥ ಎರಡು ಶಾಲೆಗಳು ಬೇರೆ ಗುಂಪಿಗೆ ಬಿದ್ದರೂ ವರ್ಷಕ್ಕೊಂದು ದಿನ ಆ ಪಂದ್ಯಕ್ಕೆಂದೇ ಮೀಸಲಿಡಿ.

ಅಮೆರಿಕದ ಓಕ್ಲಹೋಮ ರಾಜ್ಯದ ಎರಡು ದೊಡ್ಡ ವಿಶ್ವವಿದ್ಯಾಲಯಗಳು ನೂರಕ್ಕೂ ಹೆಚ್ಚು ಬಾರಿ ಮುಖಾಮುಖಿಯಾಗಿದ್ದವು. ಒಂದು ಬೇರೆ ಕೂಟಕ್ಕೆ ಹೋಗಲು ತೀರ್ಮಾನಿಸಿತು, 2023ರ ಪಂದ್ಯದೊಂದಿಗೆ ಆ ವಾರ್ಷಿಕ ಹಣಾಹಣಿ ನಿಂತುಹೋಯಿತು. ಪಶ್ಚಿಮದ ‘ಪ್ಯಾಕ್-12’ ಕೂಟದ ಕಥೆ ಇನ್ನೂ ಕಹಿ. 1915ರಲ್ಲಿ ಬೇರು ಬಿಟ್ಟಿದ್ದ ಆ ಕೂಟದಿಂದ ಹತ್ತು ಸದಸ್ಯರು ಎದ್ದು ಹೋದರು. 2024ರಲ್ಲಿ ಆಡಲು ಉಳಿದದ್ದು ಎರಡೇ: ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಅವು ಆಟದಲ್ಲಿ ಹಿಂದೆ ಬಿದ್ದಿರಲಿಲ್ಲ. ಇರುವ ಊರು ಚಿಕ್ಕದು, ಟಿ.ವಿ.ಗೆ ನೋಡುಗರು ಕಡಿಮೆ, ಅಷ್ಟೆ.

ನಮ್ಮಲ್ಲೂ ದೊಡ್ಡ ಹೆಸರಿನ ಐದಾರು ಶಾಲೆಗಳು ‘ನಾವೇ ಒಂದು ಲೀಗ್ ಮಾಡಿಕೊಳ್ಳುತ್ತೇವೆ’ ಎಂದು ಎದ್ದು ಹೋಗುವುದುಂಟು. ಆಗ ಉಳಿದ ಶಾಲೆಗಳ ಮುಖ ನೋಡಿ. ಯಾವುದೇ ಮರುಹಂಚಿಕೆಗೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ಯಾವ ಶಾಲೆಗೆ ಎದುರಾಳಿಯೇ ಇಲ್ಲದಂತಾಗುತ್ತದೆ?

8. ಏಣಿ ಇಡಿ: ಹತ್ತಲೂ ಬರಲಿ, ಇಳಿಯಲೂ ಬರಲಿ

ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಲೀಗ್ ಒಂದು ಏಣಿ. ಸಿ ಡಿವಿಜನ್, ಬಿ ಡಿವಿಜನ್, ಎ ಡಿವಿಜನ್, ಅದರ ಮೇಲೆ ಸೂಪರ್ ಡಿವಿಜನ್. ಎಚ್‌ಎಎಲ್, ಐಟಿಐಯಂಥ ಕಾರ್ಖಾನೆ ತಂಡಗಳೂ ಬಡಾವಣೆಯ ಕ್ಲಬ್ಬುಗಳೂ ಈ ಮೆಟ್ಟಿಲುಗಳ ಮೇಲೆಯೇ ಹೆಸರು ಮಾಡಿದವು. ಕೆಳಗಿನ ಕ್ಲಬ್ಬಿನ ಹುಡುಗನಿಗೂ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕನಸು ಇರುವುದು ಏಣಿ ಇರುವುದರಿಂದ.

ಏಣಿ ಇಲ್ಲದಾಗ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2015-16ರಲ್ಲಿ ಮತ್ತೆ ಗೆದ್ದಿತು. ಆದರೆ 2017ರಲ್ಲಿ ಅದು ಐಎಸ್‌ಎಲ್ ಸೇರಿದ್ದು ಹೊಸ ತಂಡಗಳಿಗೆ ಕರೆದ ಬಿಡ್ಡಿನ ಮೂಲಕ. ಮೈದಾನದಲ್ಲಿ ಗೆದ್ದು ಐಎಸ್‌ಎಲ್‌ಗೆ ಬಡ್ತಿ ಪಡೆದ ಮೊದಲ ತಂಡ ಪಂಜಾಬ್. ಅದು 2022-23ರ ಐ-ಲೀಗ್ ಗೆದ್ದ ಮೇಲೆ.

ಶಾಲಾ ಲೀಗಿನಲ್ಲಿ ಏಣಿ ಚಿಕ್ಕದಿರಲಿ. ಈ ವರ್ಷ ಕೆಳಗಿನ ಗುಂಪು ಗೆದ್ದವರಿಗೆ ಮುಂದಿನ ವರ್ಷದ ಸ್ಥಾನಪಟ್ಟಿಯಲ್ಲಿ ನಾಲ್ಕನೆಯ ಜಾಗ ಖಾತ್ರಿ ಎನ್ನಿ. ಮೇಲಿನ ಗುಂಪಿನ ಕೊನೆಯವರು ಐದನೆಯ ಜಾಗಕ್ಕೆ ಇಳಿಯಲಿ. ಹತ್ತನೇ ತರಗತಿ ಮುಗಿಸಿ ಹೋಗುವ ಹುಡುಗರು ತಮ್ಮ ಹಿಂದಿನ ತಂಡಕ್ಕೆ ಬಿಟ್ಟುಹೋಗುವ ಉಡುಗೊರೆ ಅದು.

9. ವಯಸ್ಸು ಕಾಗದದಲ್ಲಿ ಖಚಿತವಾಗಲಿ, ಹುಡುಗಿಯರ ಗುಂಪು ಮೊದಲೇ ಬರಲಿ

ಎಷ್ಟೇ ಚೆನ್ನಾಗಿ ಗುಂಪು ಮಾಡಿದರೂ ಹದಿನಾಲ್ಕರ ತಂಡದಲ್ಲಿ ಹದಿನಾರರ ಮೀಸೆ ಕಂಡರೆ ಎಲ್ಲವೂ ವ್ಯರ್ಥ. ಶಾಲೆಯ ದಾಖಲಾತಿ ರಿಜಿಸ್ಟರಿನ ಜನ್ಮದಿನಾಂಕ, ಸ್ಯಾಟ್ಸ್ ಸಂಖ್ಯೆ, ಮುಖ್ಯೋಪಾಧ್ಯಾಯರ ಸಹಿ ಇರುವ ಪಟ್ಟಿಯನ್ನು ಲೀಗ್ ಶುರುವಾಗುವ 15 ದಿನ ಮೊದಲೇ ತೆಗೆದುಕೊಳ್ಳಿ. ಆ ಪಟ್ಟಿಯಲ್ಲಿ ಇಲ್ಲದವರು ಆಡುವಂತಿಲ್ಲ, ಫೈನಲ್ಲಿನಲ್ಲೂ ಅಷ್ಟೆ.

ಇನ್ನೊಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ಹುಡುಗಿಯರ ತಂಡಗಳು ಕಡಿಮೆ ಎಂದು ಅವರ ಪಂದ್ಯಗಳನ್ನು ಕೊನೆಗೆ, ಮಧ್ಯಾಹ್ನದ ಬಿಸಿಲಿಗೆ ತಳ್ಳುವುದನ್ನು ಬಹಳ ಕಡೆ ಕಂಡಿದ್ದೇನೆ. ತಿರುಗಿಸಿ ಮಾಡಿ. ಮೊದಲ ಪಂದ್ಯ ಹುಡುಗಿಯರದು ಇರಲಿ. ಹನ್ನೊಂದು ಜನ ಕೂಡದಿದ್ದರೆ ಏಳು ಜನರ ಆಟ ಆಡಿಸಿ, ಅರ್ಧ ಮೈದಾನ ಸಾಕು. ಒಂದು ಶಾಲೆಯಲ್ಲಿ ಏಳು ಜನರೂ ಇಲ್ಲದಿದ್ದರೆ ಅಕ್ಕಪಕ್ಕದ ಎರಡು ಶಾಲೆ ಸೇರಿ ಒಂದು ತಂಡ ಕಟ್ಟಲಿ. ಗುಂಪು ಕಟ್ಟುವುದು ಎಂದರೆ ಇದೂ ಹೌದು. ಸುಬ್ರತೋ ಕಪ್‌ನಂಥ ರಾಷ್ಟ್ರೀಯ ಶಾಲಾ ಪಂದ್ಯಾವಳಿಯಲ್ಲಿ ಹುಡುಗಿಯರಿಗೆ ಪ್ರತ್ಯೇಕ ವಿಭಾಗವಿದೆ. ಅಲ್ಲಿಯವರೆಗೆ ಹೋಗಬಲ್ಲ ಹುಡುಗಿಗೆ ಮೊದಲ ಐದು ಪಂದ್ಯ ಸಿಗಬೇಕಾದದ್ದು ತನ್ನ ಬಡಾವಣೆಯಲ್ಲೇ.

10. ಮಳೆ, ಹಬ್ಬ, ಪರೀಕ್ಷೆ ನೋಡಿ ಕ್ಯಾಲೆಂಡರ್ ಹಾಕಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಪ್ರತಿ ಪ್ರದೇಶಕ್ಕೆ ಒಂದರಂತೆ ಎರಡು ಮೈದಾನ, ಒಂದೊಂದರಲ್ಲಿ ಶನಿವಾರಕ್ಕೆ ಎರಡು ಪಂದ್ಯ ಎಂದರೆ 40 ಪಂದ್ಯಕ್ಕೆ ಹತ್ತು ಶನಿವಾರ ಬೇಕು. ಅವನ್ನು ಎಲ್ಲಿಂದ ತರುವುದು?

ಮಳೆಗಾಲದ ತಿಂಗಳುಗಳನ್ನು ಇಲಾಖೆಯ ಮತ್ತು ಬೋರ್ಡುಗಳ ಕ್ರೀಡಾಕೂಟಗಳೇ ತಿನ್ನುತ್ತವೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಜೋರು ಮಳೆಯ ಕಾಲ, ನಡುವೆ ದಸರಾ ರಜೆ. ಫೆಬ್ರವರಿ ಬಂದರೆ ಪೂರ್ವಸಿದ್ಧತಾ ಪರೀಕ್ಷೆ, ಆಮೇಲೆ ಮಕ್ಕಳನ್ನು ಮುಟ್ಟುವಂತಿಲ್ಲ. ಉಳಿಯುವುದು ನವೆಂಬರ್, ಡಿಸೆಂಬರ್, ಜನವರಿ. ರಾಜ್ಯೋತ್ಸವದ ವಾರ ಶುರು ಮಾಡಿ. ಪೂರ್ವ ಬೆಂಗಳೂರಿನಲ್ಲಿ ಕ್ರಿಸ್‌ಮಸ್ ಮನೆ ಮನೆಯ ಹಬ್ಬ, ಆ ವಾರ ಬಿಡಿ. ಸಂಕ್ರಾಂತಿ ಮತ್ತು ಪೊಂಗಲ್‌ಗೆ ಇನ್ನೊಂದು ವಾರ ಬಿಡಿ. ಆದರೂ ಹತ್ತು ಶನಿವಾರ ಸಿಗುತ್ತವೆ. ಫೈನಲ್ಲನ್ನು ಗಣರಾಜ್ಯೋತ್ಸವದ ದಿನ, ಧ್ವಜಾರೋಹಣ ಮುಗಿದ ಮೇಲೆ ಇಟ್ಟುಕೊಳ್ಳಿ.

ಫಿಕ್ಸ್ಚರ್ ಬರೆಯಲು ಒಂದು ಹಳೆಯ ಉಪಾಯ ಇದೆ. ನಾಲ್ಕು ತಂಡ ಎನ್ನಿ. ಮೊದಲ ವಾರ 1-4, 2-3. ಒಂದನ್ನು ಅಲ್ಲೇ ನಿಲ್ಲಿಸಿ, ಉಳಿದ ಮೂರನ್ನು ಗಡಿಯಾರದ ಮುಳ್ಳಿನಂತೆ ಒಂದೊಂದು ಮನೆ ಸರಿಸಿ: 1-3, 4-2. ಮತ್ತೆ ಸರಿಸಿ: 1-2, 3-4. ಎಲ್ಲರೂ ಎಲ್ಲರನ್ನೂ ಎದುರಿಸಿ ಆಯಿತು. ಆರು ತಂಡಕ್ಕೂ ಇದೇ ದಾರಿ. ಐದಿದ್ದರೆ ಆರನೆಯದನ್ನು ‘ಬೈ’ ಎಂದು ಬರೆದುಕೊಳ್ಳಿ.

11. ನಿಯಮಗಳನ್ನು ಮೊದಲೇ ಬರೆಯಿರಿ, ಕೀಲಿಕೈ ಒಬ್ಬರ ಕೈಗೆ ಕೊಡಬೇಡಿ

ಅಂಕ ಸಮವಾದರೆ ಯಾರು ಮುಂದೆ? ಮೊದಲು ಪರಸ್ಪರ ಆಡಿದ ಫಲಿತಾಂಶ, ಆಮೇಲೆ ಗೋಲು ವ್ಯತ್ಯಾಸ, ಆಮೇಲೆ ಎಲ್ಲರೆದುರು ಚೀಟಿ ಎತ್ತುವುದು. ಒಂದು ಪಂದ್ಯದಲ್ಲಿ ಐದಕ್ಕಿಂತ ಹೆಚ್ಚಿನ ಗೋಲು ವ್ಯತ್ಯಾಸ ಲೆಕ್ಕಕ್ಕಿಲ್ಲ ಎಂಬ ಸಾಲೂ ಇರಲಿ. ದುರ್ಬಲ ತಂಡವನ್ನು ಬಡಿದು ಲೆಕ್ಕ ಹೆಚ್ಚಿಸಿಕೊಳ್ಳುವ ಆಸೆ ಅಲ್ಲಿಗೆ ಸಾಯುತ್ತದೆ.

ಗುಂಪಿನ ಕೊನೆಯ ಸುತ್ತಿನ ಎರಡು ಪಂದ್ಯಗಳನ್ನು ಮೈದಾನ ಸಿಕ್ಕರೆ ಒಂದೇ ಹೊತ್ತಿಗೆ ಆಡಿಸಿ. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯ ತನ್ನ ಪಂದ್ಯ ಮುಗಿಸಿದ ಮರುದಿನ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯ ಸ್ಪೇನಿನ ಹಿಹೋನ್‌ನಲ್ಲಿ ಎದುರಾದವು. ಜರ್ಮನಿ 1-0ರಿಂದ ಗೆದ್ದರೆ ಇಬ್ಬರಿಗೂ ಲಾಭ ಎಂದು ಇಬ್ಬರಿಗೂ ಗೊತ್ತಿತ್ತು. ಹತ್ತು ನಿಮಿಷದಲ್ಲಿ ಗೋಲು ಬಂತು, ಆಮೇಲೆ ಯಾರೂ ಆಡುವ ಮನಸ್ಸು ಮಾಡಲಿಲ್ಲ. ಅಲ್ಜೀರಿಯ ಹೊರಬಿತ್ತು. ಮುಂದಿನ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಪಂದ್ಯಗಳು ಏಕಕಾಲಕ್ಕೆ ನಡೆಯುತ್ತಿವೆ.

ಹಣದ ವಿಷಯದಲ್ಲೂ ಎಚ್ಚರ ಬೇಕು. ದೇಶದ ಫುಟ್‌ಬಾಲ್ ಒಕ್ಕೂಟ 2010ರಲ್ಲಿ ಒಂದೇ ವಾಣಿಜ್ಯ ಪಾಲುದಾರರೊಂದಿಗೆ 15 ವರ್ಷದ ಒಪ್ಪಂದ ಮಾಡಿಕೊಂಡಿತ್ತು. 2025ರಲ್ಲಿ ಅದು ಮುಗಿಯುತ್ತ ಬಂದು ಮುಂದೇನು ಎಂಬುದು ತೀರ್ಮಾನವಾಗದೆ ಐಎಸ್‌ಎಲ್ ವಾಡಿಕೆಯ ಹೊತ್ತಿಗೆ ಶುರುವಾಗಲೇ ಇಲ್ಲ. ದೊಡ್ಡವರ ಲೀಗಿಗೇ ಈ ಪಾಡು. ನಿಮ್ಮ ಲೀಗಿಗೆ ಬಡಾವಣೆಯ ಹತ್ತು ಅಂಗಡಿಗಳಿಂದ ಚಿಕ್ಕ ಚಿಕ್ಕ ನೆರವು ಪಡೆಯಿರಿ. ಒಂದು ನಿಂತರೂ ಒಂಬತ್ತು ಇರುತ್ತವೆ. ಯಾವ ಶಾಲೆ ಯಾವ ಪ್ರದೇಶಕ್ಕೆ ಎಂಬುದನ್ನು ಎರಡು ವರ್ಷಕ್ಕೊಮ್ಮೆ ಮಾತ್ರ ಬದಲಿಸಿ, ಅದಕ್ಕೂ ಮೂರನೇ ಎರಡರಷ್ಟು ಶಾಲೆಗಳ ಒಪ್ಪಿಗೆ ಇರಲಿ. ಈ ಮತದಾನದಲ್ಲಿ ಸರ್ಕಾರಿ ಶಾಲೆಯ ಮತಕ್ಕೂ ಹೆಸರಾಂತ ಶಾಲೆಯ ಮತಕ್ಕೂ ಒಂದೇ ಬೆಲೆ.

ಈ ವಾರ ಮಾಡಬೇಕಾದ ಮೂರು ಕೆಲಸ

ಒಂದು, ನಿಮ್ಮ ಶಾಲೆಯಿಂದ 30 ನಿಮಿಷದೊಳಗೆ ಇರುವ ಶಾಲೆಗಳ ಪಟ್ಟಿ ಮಾಡಿ. ಬೋರ್ಡು, ಶುಲ್ಕ, ಹೆಸರು ಯಾವುದನ್ನೂ ನೋಡಬೇಡಿ. ಎರಡು, ಅವುಗಳಲ್ಲಿ ಅತಿ ಹತ್ತಿರದ ಶಾಲೆಗೆ ನಡೆದೇ ಹೋಗಿ ಅಲ್ಲಿಯ ಪಿ.ಟಿ. ಮೇಷ್ಟ್ರನ್ನು ಅಥವಾ ಮೇಡಂ ಅವರನ್ನು ಮಾತನಾಡಿಸಿ. ಮೂರು, ಬರುವ ಶನಿವಾರಕ್ಕೆ ಒಂದು ಸ್ನೇಹ ಪಂದ್ಯ ಗೊತ್ತು ಮಾಡಿ. ಲೀಗು, ಗುಂಪು, ಏಣಿ ಎಲ್ಲ ಅದರ ಹಿಂದೆ ಬರುತ್ತವೆ.

ಆ ಪಂದ್ಯ ಮುಗಿದ ಮೇಲೆ ಸ್ವಲ್ಪ ಹೊತ್ತು ಗೇಟಿನ ಹತ್ತಿರ ನಿಲ್ಲಿ. ಬಸ್ಸಿಗೆ ಕಾಯುವವರು ಇರುವುದಿಲ್ಲ. ಎರಡೂ ತಂಡದ ಮಕ್ಕಳು ಬ್ಯಾಗು ಹೆಗಲಿಗೇರಿಸಿ ಒಂದೇ ದಾರಿಯಲ್ಲಿ ಮನೆಗೆ ನಡೆಯುತ್ತಿರುತ್ತಾರೆ, ಆ ಎರಡನೇ ಗೋಲು ಆಫ್‌ಸೈಡ್ ಹೌದೋ ಅಲ್ಲವೋ ಎಂದು ವಾದ ಮಾಡುತ್ತ.